ಬಾಣನ ಪಕ್ಕೆಲುಬು

ಮೊನ್ನೆ ಸಂಜೆ ಜೆ.ಪಿ. ನಗರದ ಪಾರ್ಕಿನಲ್ಲಿ ಒಂದು ಮುಧೋಳ ನಾಯಿ ಕಂಡೆ ನೋಡಿ. ಉದ್ದನೆಯ ಕಾಲು, ಒಳಗೆ ಸೇದಿಕೊಂಡ ಹೊಟ್ಟೆ, ಪಕ್ಕೆಯಲ್ಲಿ ಎಲುಬಿನ ಗೆರೆ. ಅದನ್ನು ಹಿಡಿದಿದ್ದ ಹುಡುಗಿಯನ್ನು ಒಬ್ಬ ಹೆಂಗಸು ತಡೆದು, ಪಾಪ, ಇದಕ್ಕೆ ಊಟ ಹಾಕುವುದಿಲ್ಲವೇ ಎಂದರು. ಹುಡುಗಿಯ ಮುಖ ಸಣ್ಣಗಾಯಿತು. ಆ ಮುಖ ನನಗೆ ಗೊತ್ತು. ಎಪ್ಪತ್ತರ ದಶಕದಲ್ಲಿ, ಜಯನಗರದ ನಮ್ಮ ಮನೆ ಗೇಟಿನಲ್ಲಿ, ಅಮ್ಮನ ಮುಖವೂ ಹಾಗೇ ಆಗಿತ್ತು.

ನಮ್ಮ ನಾಯಿಯ ಹೆಸರು ಬಾಣ. ಅಪ್ಪನ ಸ್ನೇಹಿತರು, ಬಾಗಲಕೋಟೆ ಕಡೆಯ ಕಲ್ಲಪ್ಪನವರು, ಮರಿಯಿದ್ದಾಗ ತಂದುಕೊಟ್ಟಿದ್ದರು. ಬನಶಂಕರಿ ಕಡೆ ಆಗ ಬರೀ ಖಾಲಿ ಸೈಟುಗಳು. ಅಲ್ಲಿ ಬಿಟ್ಟರೆ, ಏನು ಓಟ ಅಂತೀರಿ! ನಾನು ಹಿಂದೆ ಓಡಿ, ಒಂದು ಚಪ್ಪಲಿ ಕಳೆದುಕೊಂಡು, ಏದುಸಿರು ಬಿಡುತ್ತ ನಿಲ್ಲುತ್ತಿದ್ದೆ. ಬಾಣನೇ ವಾಪಸು ಬಂದು ನನ್ನನ್ನು ಮನೆಗೆ ಕರೆದೊಯ್ಯುತ್ತಿತ್ತು.

ಪಕ್ಕದ ಮನೆಯ ಪದ್ಮಮ್ಮನವರಿಗೆ ಕಂಡದ್ದು ಮಾತ್ರ ಎಲುಬು. "ಏನ್ರೀ, ನಾಯಿಗೆ ಹೊಟ್ಟೆಗೇನೂ ಹಾಕಲ್ವಾ?" ಎಂದುಬಿಟ್ಟರು. ಪೋಸ್ಟ್‌ಮ್ಯಾನ್‌ ಬಂದರೂ ಊಟಕ್ಕೆ ಏಳಿ ಅನ್ನುವವಳು ನಮ್ಮಮ್ಮ. ಅವಳಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಅಡುಗೆಮನೆಯಲ್ಲಿ ಕೂತು ಅತ್ತಳು. ಮರುದಿನದಿಂದ ಮುದ್ದೆಗೆ ಬೆಣ್ಣೆ, ಅನ್ನಕ್ಕೆ ಹಾಲು, ಮೇಲೊಂದು ಚಪಾತಿ. ಅತ್ತ ಪದ್ಮಮ್ಮನವರೂ ಮರುಕದಿಂದ ಕಾಂಪೌಂಡಿನಾಚೆಯಿಂದ ಇಡ್ಲಿ ಎಸೆಯತೊಡಗಿದರು. ಬಾಣ ಯಾರಿಗೂ ಬೇಜಾರು ಮಾಡದೆ ತಿಂದಿತು. ಪಕ್ಕೆ ಮುಚ್ಚಿತು, ಸೊಂಟ ಮಾಯವಾಯಿತು, ಅಮ್ಮನ ಮುಖ ಅರಳಿತು. ಸೈಟಿನಲ್ಲಿ ಬಿಟ್ಟರೆ ಮಾತ್ರ ನಾಲ್ಕು ಹೆಜ್ಜೆ ಓಡಿ ಮಲಗಿಬಿಡುತ್ತಿತ್ತು. ಮೊದಲ ಸಲ ನಾನು ಗೆದ್ದೆ. ಗೆದ್ದು ನನಗೆ ಅಳು ಬಂತು.

ಒಂದು ಭಾನುವಾರ ಕಲ್ಲಪ್ಪನವರು ಬಂದವರೇ ಗೇಟಿನಲ್ಲಿ ನಿಂತುಬಿಟ್ಟರು. "ವೈನಿ, ನಾ ಕೊಟ್ಟಿದ್ದು ನಾಯಿ. ಈ ಎಮ್ಮಿ ಯಾರದ್ರೀ?"

ನಕ್ಕು ಮುಗಿದ ಮೇಲೆ ಅಮ್ಮನಿಗೆ ಒಂದು ಪರೀಕ್ಷೆ ಹೇಳಿಕೊಟ್ಟರು. ಮುಷ್ಟಿ ಬಿಗಿದು ಬೆರಳ ಗೆಣ್ಣು ಸವರಿ ನೋಡಿ. ಪಕ್ಕೆ ಹಾಗಿದ್ದರೆ ನಾಯಿ ಬಡಕಲು. ಅಂಗೈಯಂತೆ ಮೆತ್ತಗಿದ್ದರೆ ಕೊಬ್ಬು. ಬೆರಳು ಚಾಚಿ ನಿಮ್ಮ ಅಂಗೈಯ ಹಿಂಬದಿ ಸವರಿದಾಗ ತೆಳು ಚರ್ಮದಡಿ ಎಲುಬು ಸಿಗುತ್ತದಲ್ಲ, ಹಾಗಿದ್ದರೆ ಸರಿ. ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಇದು ಓಡುವ ಜಾತಿ, ಎದುರುಮನೆ ಅಲ್ಸೇಷಿಯನ್ ಜೊತೆ ಹೋಲಿಸಬೇಡಿ ಅಂದರು.

ಅಂದಿನಿಂದ ಅಮ್ಮ ಬೆಳಿಗ್ಗೆ ತನ್ನ ಕೈ ಸವರಿಕೊಂಡು, ಬಾಣನ ಪಕ್ಕೆ ಸವರಿ, ಆಮೇಲೆ ಮುದ್ದೆ ಕಟ್ಟುತ್ತಿದ್ದಳು. ಪದ್ಮಮ್ಮನವರ ಇಡ್ಲಿಯನ್ನು ಬಾಣನಿಗಿಂತ ಮೊದಲು ಹಿಡಿಯುವುದು ನನ್ನ ಕೆಲಸ. ಆದರೂ ಕಮ್ಮಿ ಬಡಿಸಿ ಅಭ್ಯಾಸವಿಲ್ಲದ ಕೈ. ಮಿಕ್ಕದ್ದೆಲ್ಲ ನನ್ನ ತಟ್ಟೆಗೆ ಬಿತ್ತು. ನನ್ನ ಈಗಿನ ಹೊಟ್ಟೆಗೆ ಅಸ್ತಿವಾರ ಹಾಕಿದ್ದೇ ಆಗ.

ಬಾಣ ಮತ್ತೆ ಓಡಿತು. ಪದ್ಮಮ್ಮನವರು ಮತ್ತೆ ಕೇಳಿದರು. ಈ ಸಲ ಅಮ್ಮ ಅಳಲಿಲ್ಲ.

"ಹಾಕ್ತೀನಿ ಪದ್ಮಮ್ಮ. ಅದರ ಹೊಟ್ಟೆಗೆ ಬೇಕಾದಷ್ಟು ಹಾಕ್ತೀನಿ. ನನ್ನ ಮರ್ಯಾದೆಗೆ ಬೇಕಾದಷ್ಟು ಹಾಕಲ್ಲ."

ಪಾರ್ಕಿನ ಹೆಂಗಸಿಗೆ ನಾನು ಇದೇ ಮಾತು ಹೇಳಿದೆ, ಪರೀಕ್ಷೆಯನ್ನೂ ಕಲಿಸಿದೆ. ಅವರು ತಮ್ಮ ಕೈ ಮುಟ್ಟಿಕೊಂಡು, ನಾಯಿಯ ಪಕ್ಕೆ ಮುಟ್ಟಿ, ಸರಿಯಾಗೇ ಇದೆ ಅಂತ ಒಪ್ಪಿದರು. ಹುಡುಗಿ ನಕ್ಕಳು. ನಾನು ಬೀಗುತ್ತ ಮನೆಗೆ ಬಂದೆ.

ಮನೆಯಲ್ಲಿ ಮೊಮ್ಮಗಳಿಗೆ ಊಟ ಮಾಡಿಸುವುದು ನನ್ನ ಪಾಳಿ. ಅವಳು ಸಣಕಲು. ನೆಂಟರು ಏನೆಂದಾರು ಅಂತ ದಿನಾ ಚಮಚ ಹಿಡಿದು ಅಟ್ಟಿಸಿಕೊಂಡು ಹೋಗುವ ತಾತ ನಾನು. "ಸಾಕು ತಾತ," ಎಂದಳು. ಇನ್ನೊಂದೇ ತುತ್ತು ಅನ್ನಲು ಬಾಯಿ ತೆರೆದವನು ಚಮಚ ಕೆಳಗಿಟ್ಟೆ. ಅವಳು ನಂಬಲಿಲ್ಲ. ನನ್ನ ಮುಖ ನೋಡಿದಳು, ಚಮಚ ನೋಡಿದಳು, ಆಮೇಲೆ ಕುರ್ಚಿಯಿಂದ ಧುಮುಕಿ ಓಡಿದಳು.

ಏನು ಓಟ ಅಂತೀರಿ!