ಲಕಡೀ ಪೂಲಿನಿಂದ ಹಾರಿದವನು

ನನ್ನ ಮಾವನವರಿಗೆ ಕಾದಂಬರಿ ಓದುವವರನ್ನು ಕಂಡರೆ ಆಗುತ್ತಿರಲಿಲ್ಲ. ಸರಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಕಾರಕೂನಿಕೆ ಮಾಡಿದವರು. ಸಹಿ, ತಾರೀಖು, ಸಾಕ್ಷಿ ಇಲ್ಲದ ಕಾಗದ ಅವರ ಮಟ್ಟಿಗೆ ಕಾಗದವೇ ಅಲ್ಲ. ಅಂಥವರು ಕಣ್ಣಿನ ಪೊರೆ ತೆಗೆಸಿಕೊಂಡು, ಪಟ್ಟಿ ಕಟ್ಟಿಸಿಕೊಂಡು, ಪುಣೆಯ ಶನಿವಾರ ಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ತಿಂಗಳು ಸುಮ್ಮನೆ ಕೂಡಬೇಕಾಯಿತು. ಮೊದಲ ವಾರ ನನ್ನಿಂದ ಪಂಚಾಂಗ ಓದಿಸಿದರು, ಎರಡನೆಯ ವಾರ ಹಳೆಯ ಪತ್ರಿಕೆ. ಮೂರನೆಯ ವಾರಕ್ಕೆ ಸೋತು, ನನ್ನ ಗಂಡ ನನಗೆಂದು ವಾಚನಾಲಯದಿಂದ ತಂದಿದ್ದ ಮರಾಠಿ ಪುಸ್ತಕದ ಬಗ್ಗೆ ವಿಚಾರಿಸಿದರು.

"ಓದು ನೋಡೂಣು, ಏನ್ ಹೊಲಸು ಬರದಾರಂತ."

ಅದೊಂದು ಗೂಢಚಾರರ ಕತೆ. ಫೋಟೋ ತೆಗೆಯುವವನ ವೇಷ ಹಾಕಿಕೊಂಡ ಒಬ್ಬ ದುಷ್ಟ ಸಂಸ್ಥಾನದ ಕೋಟೆಗಳ ನಕ್ಷೆ ಕದ್ದು ಪರದೇಶದವರಿಗೆ ಮಾರುತ್ತಾನೆ. ಪತ್ತೇದಾರ ಅವನ ಬೆನ್ನು ಹತ್ತುತ್ತಾನೆ. ನಾನು ಪುಣೆಯಲ್ಲೇ ಹುಟ್ಟಿ ಮರಾಠಿ ಶಾಲೆಯಲ್ಲಿ ಕಲಿತವಳು. ಅತ್ತೆಯವರು ಧಾರವಾಡದ ಕಡೆಯವರು. ಕಾಯಿಪಲ್ಲೆ ಚೌಕಾಸಿಗೆ ಬೇಕಾದಷ್ಟು ಮರಾಠಿಯಷ್ಟೇ ಅವರಿಗೆ ಬರುತ್ತಿತ್ತು. ಹಾಗಾಗಿ ಒಂದೊಂದು ಪುಟವನ್ನು ಮಾವನಿಗೆ ಮರಾಠಿಯಲ್ಲಿ ಓದಿ, ಅದನ್ನೇ ಅತ್ತೆಗೆ ಕನ್ನಡದಲ್ಲಿ ಹೇಳಬೇಕು. ಮಧ್ಯಾಹ್ನದ ನನ್ನ ನಿದ್ದೆ ಹಾಳಾಗಿ ಹೋಯಿತು.

ಕತೆ ಕೇಳುತ್ತಿದ್ದ ಮೂರನೆಯವಳು ನನ್ನ ಗಂಡನ ಅಕ್ಕ. ನಾನೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಗೋಡೆಗೆ ಒರಗಿ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತ ಕೂಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ಅವಳ ಗಂಡ ಧಾರವಾಡದಲ್ಲಿ ಒಂದು ಬೆಳಿಗ್ಗೆ ಕೊತ್ತಂಬರಿ ತರುತ್ತೇನೆಂದು ಹೋದವನು ಮರಳಿ ಬಂದಿರಲಿಲ್ಲ. ಅವನಿದ್ದಷ್ಟು ದಿನ ಹೆಂಡತಿಯನ್ನು ಹೊಡೆಯುವುದನ್ನು ಬಿಟ್ಟರೆ ಬೇರೆ ಉದ್ಯೋಗ ಇದ್ದಂತಿಲ್ಲ. ಬಾವಿಕಟ್ಟೆಯಲ್ಲಿ ಅವಳ ಬೆನ್ನು ಉಜ್ಜುವಾಗ ನಾನು ಕಂಡದ್ದನ್ನು ಇಲ್ಲಿ ಬರೆಯುವುದಿಲ್ಲ. ಅವನು ಹೋದ ಮೇಲೆ ತವರಿಗೆ ಬಂದು, ಹಣೆತುಂಬ ಕುಂಕುಮ, ಕೈತುಂಬ ಹಸಿರು ಬಳೆ ಇಟ್ಟುಕೊಂಡು ನಮ್ಮಲ್ಲೇ ಇದ್ದಳು.

ಕಾದಂಬರಿ ಅರ್ಧಕ್ಕೆ ಬಂದಾಗ ಧಾರವಾಡದಿಂದ ಅವಳ ಮೈದುನನ ಪತ್ರ ಬಂತು. ಮಾವನ ಕಣ್ಣಿಗೆ ಪಟ್ಟಿಯಿದ್ದುದರಿಂದ ಅದನ್ನೂ ನಾನೇ ಓದಬೇಕಾಯಿತು. ಅಣ್ಣ ಹೋಗಿ ಹನ್ನೆರಡು ವರ್ಷ ತುಂಬುತ್ತ ಬಂತು, ಸುದ್ದಿಯಿಲ್ಲ, ಮನೆಯಲ್ಲಿ ಮಕ್ಕಳ ಮದುವೆ ಕೂಡಿಬರುತ್ತಿಲ್ಲ, ಶಾಸ್ತ್ರದ ಪ್ರಕಾರ ದರ್ಭೆಯ ಗೊಂಬೆ ಮಾಡಿ ಅವನ ಹೆಸರಿನಲ್ಲಿ ಸುಟ್ಟು ಕರ್ಮ ಮುಗಿಸುತ್ತೇವೆ, ಅತ್ತಿಗೆಯವರನ್ನು ಕಳಿಸಿಕೊಡಿರಿ. ಕಳಿಸಿದರೆ ಮುಂದೇನು ಎಂಬುದನ್ನು ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಬಳೆ ಒಡೆದು, ಕುಂಕುಮ ಅಳಿಸಿ, ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ಮೂಲೆಗೆ ಕೂಡಿಸುತ್ತಾರೆ. ಅವಳಿಗೆ ಮೂವತ್ತನಾಲ್ಕು ವರ್ಷ.

"ಪಟ್ಟಿ ಬಿಚ್ಚಿದ ಮ್ಯಾಲೆ ಉತ್ತರಾ ಬರಸ್ತೀನಿ" ಎಂದರು ಮಾವ. ಅಕ್ಕ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ.

ಕತೆ ಮುಗಿದದ್ದು ಆ ವಾರದಲ್ಲೇ. ಪತ್ತೇದಾರ ದುಷ್ಟನನ್ನು ಅಟ್ಟಿಸಿಕೊಂಡು ನಮ್ಮ ಊರಿನ ಲಕಡೀ ಪೂಲಿಗೇ ಬರುತ್ತಾನೆ. ಮುಠಾ ನದಿ ತುಂಬಿ ಹರಿಯುತ್ತಿದೆ. ಹತ್ತು ಜನ ನೋಡುತ್ತಿದ್ದಂತೆ ದುಷ್ಟ ಸೇತುವೆಯಿಂದ ಹಾರುತ್ತಾನೆ. ಮರುದಿನ ದಂಡೆಯಲ್ಲಿ ಒಂದು ಚಪ್ಪಲಿ ಸಿಗುತ್ತದೆ. ಅಲ್ಲಿಗೆ ಮುಗಿಯಿತು. ಸತ್ತನೋ ಬದುಕಿದನೋ, ಬರೆದವನು ಹೇಳುವುದಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಮೂರು ನೂರು ಪುಟ ಗಂಟಲು ಹರಿದುಕೊಂಡವಳು ನಾನು. ಅತ್ತೆಗೆ ಮಾತ್ರ ಸಂಶಯವೇ ಇರಲಿಲ್ಲ.

"ಸತ್ತಾ ಬಿಡು. ಇಷ್ಟು ಮಂದೀಗೆ ಕೇಡು ಬಗದಂವ ಸಾಯಬೇಕು."

ಮಾವ ಪಟ್ಟಿ ಕಟ್ಟಿದ ಮುಖವನ್ನು ಅತ್ತ ತಿರುಗಿಸಿದರು. "ಸಾಯಬೇಕು ಅಂದ್ರ ಸತ್ತಂಗೇನು? ಹೆಣಾ ಎಲ್ಲೆದ? ಪಂಚನಾಮೆ ಎಲ್ಲೆದ? ಚಪ್ಪಲಿ ಸಿಕ್ತು ಅಂದ್ರ ಅಂವ ಬರಿಗಾಲಲೆ ಹೋದಾ ಅಂತ ಅರ್ಥ, ಅಷ್ಟ!"

ಹೀಗೆ ಶುರುವಾದ ಜಗಳ ಎಂಟು ದಿನ ನಡೆಯಿತು. ತಾವು ಹರೆಯದಲ್ಲಿ ಅದೇ ನದಿಯಲ್ಲಿ ಈಸಿದ್ದು, ಯಾವ ಕಡೆ ಸೆಳವು, ಯಾವ ಕಡೆ ಬಂಡೆ, ಎಲ್ಲವನ್ನೂ ಮಾವ ವಿವರಿಸಿದರು. ನೆರೆಮನೆಯ ಮರಾಠಿ ಮುದುಕರನ್ನು ಕರೆಸಿ ಅವರನ್ನೂ ಒಪ್ಪಿಸಿದರು. ಅತ್ತೆಗೆ ಬೇಸರ ಬಂದು ಮಾತು ಬಿಟ್ಟಾಗಲೆಲ್ಲ, ಎಂದೂ ಬಾಯಿ ತೆರೆಯದ ಅಕ್ಕ ಒಂದು ಪ್ರಶ್ನೆ ಕೇಳುತ್ತಿದ್ದಳು. "ಹೌದೇನ್ರಿ ಅಪ್ಪಾ, ಮಳಿಗಾಲದಾಗೂ ಈಸಿ ದಾಟಬಹುದೇನು?" ಮಾವ ಮತ್ತೆ ಏರುತ್ತಿದ್ದರು. ತಲೆಯ ಮೇಲೆ ಕತ್ತಿ ತೂಗುತ್ತಿರುವಾಗ ಇವಳಿಗೇಕೆ ಕಾದಂಬರಿಯ ಉಸಾಬರಿ ಎಂದು ನಾನು ಒಳಗೊಳಗೇ ಸಿಟ್ಟಾದೆ. ದಡ್ಡಿ ನಾನು.

ಪಟ್ಟಿ ಬಿಚ್ಚಿದ ಮರುದಿನ ಮಾವ ನನ್ನನ್ನು ಕರೆದು ಕಾಗದ, ಲೇಖಣಿ ತರಿಸಿದರು. ನೆರೆಯ ಮುದುಕರೂ ಇದ್ದರು. ನಾನು ಬರೆದುಕೊಂಡೆ: ನಿಮ್ಮ ಪತ್ರ ಮುಟ್ಟಿತು, ಶಾಸ್ತ್ರದ ಪ್ರಕಾರ ಮಾಡಲು ನಮ್ಮ ಅಡ್ಡಿಯಿಲ್ಲ. ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಅಪ್ಪಾ, ಅಂವ ಹೊಳ್ಯಾಗ ಹಾರಿದ್ದು ಹತ್ತು ಮಂದಿ ನೋಡಿದ್ರು. ಆದ್ರೂ ಸತ್ತಿಲ್ಲ ಅಂದ್ರಿ. ನನ್ನ ಗಂಡ ಹಾರಿದ್ದು ಯಾರು ನೋಡ್ಯಾರ? ಅವಂದು ಚಪ್ಪಲೀನೂ ಸಿಕ್ಕಿಲ್ಲ."

ದನಿ ಏರಿರಲಿಲ್ಲ. ನೆರೆಯ ಮುದುಕರಿಗೆ ಕನ್ನಡ ಅರ್ಥವಾಗಿರಲಿಕ್ಕಿಲ್ಲ, ಆದರೂ ನೆಲ ನೋಡತೊಡಗಿದರು. "ಕಥಿ ಬ್ಯಾರೆ, ಶಾಸ್ತ್ರ ಬ್ಯಾರೆ" ಎಂದರು ಮಾವ. ಅದನ್ನೇ ಇನ್ನೊಮ್ಮೆ ಹೇಳಿದರು. ಅಕ್ಕ ಅಲ್ಲೇ ನಿಂತಿದ್ದಳು. ಮಾವ ನನ್ನ ಕಡೆ ಕೈ ಮಾಡಿದರು.

"ಹರದು ಹಾಕವಾ. ಬ್ಯಾರೆ ಕಾಗದಾ ತಗೊ. ಸತ್ತದ್ದಕ್ಕ ಸಾಕ್ಷಿ ಕಳಸ್ರಿ, ಅಲ್ಲೀತನಕಾ ನಮ್ಮ ಮಗಳು ಬರೂದಿಲ್ಲ ಅಂತ ಬರಿ."

ಧಾರವಾಡದಿಂದ ಮತ್ತೆ ಉತ್ತರ ಬರಲಿಲ್ಲ. ನನಗಾದ ಸಂತೋಷಕ್ಕೆ ಆ ಪತ್ರ ಬರೆದ ದಿನವೇ ಹೂರಣದ ಹೋಳಿಗೆ ಮಾಡಿದೆ, ಹಬ್ಬವಿಲ್ಲ ಹುಣ್ಣಿಮೆಯಿಲ್ಲ ಎಂದು ಅತ್ತೆ ಗೊಣಗಿದರೂ. ಹೋಳಿಗೆ ಲಟ್ಟಿಸುತ್ತ, ನಗೆಚಾಟಿಕೆಗೆಂದೇ ಅಕ್ಕನನ್ನು ಕೇಳಿದೆ.

"ಅಕ್ಕಾ, ಖರೇ ಹೇಳ್ರಿ. ಆ ಕಳ್ಳ ಬದುಕಿದ್ದಾನಂತೀರೇನು?"

"ಹುಚ್ಚಿ. ಅಂಥಾ ನೀರಾಗ ಯಾರು ಬದುಕ್ತಾರ? ಸತ್ತಾನ." ತವೆಯ ಮೇಲಿನ ಹೋಳಿಗೆ ಮಗುಚಿದಳು. "ಇಂವನೂ ಸತ್ತಾನ."

ನಾನು ಲಟ್ಟಣಿಗೆ ಕೆಳಗಿಟ್ಟೆ.

"ಹೋದ ಮೂರನೇ ವರ್ಷಕ್ಕ ಪಂಢರಪುರದಿಂದ ಇಲ್ಲಿಗೇ, ನನ್ನ ಹೆಸರಿಗೆ ಕಾರ್ಡು ಬಂತು. ಛತ್ರದಾಗ ಜ್ವರಾ ಬಂದು ತೀರಿದಾ ಅಂತ, ಯಾರೋ ಪರಿಚಯದವರು ಬರದಿದ್ರು. ಮನ್ಯಾಗ ನಾ ಒಬ್ಬಾಕೀನ ಇದ್ದೆ. ನೀರು ಕಾಸೂ ಬಂಬದ ಒಲೀಗೆ ಹಾಕಿದೆ. ಅದರ ಉರೀಲೆ ಕಾದ ನೀರು ತಲೀ ಮ್ಯಾಲೆ ಹಾಕ್ಕೊಂಡು ಸ್ನಾನಾ ಮಾಡಿದೆ. ಅವನ ಸೂತಕ ಅಲ್ಲಿಗೆ ತೀರ್ತು." ಬೆಂದ ಹೋಳಿಗೆ ತೆಗೆಯುತ್ತ, "ತಲಿ ಒರಸಿಕೊಂಡು ಕುಂಕುಮಾ ಹಚ್ಚಿಗೊಂಡೆ" ಎಂದಳು.

ನನಗೆ ಹೆದರಿಕೆಯಾಯಿತು. ಪಾಪವೆನ್ನುವ ಹೆದರಿಕೆಯಲ್ಲ, ಎಂಟು ದಿನ ಮಾವನೆದುರು ಅವಳು ಅಷ್ಟು ತಣ್ಣಗೆ ಕೂತಿದ್ದು ನೆನಪಾಗಿ. ನಾನು ಯಾರಿಗೂ ಹೇಳಲಿಲ್ಲ, ಗಂಡನಿಗೂ.

ಅಕ್ಕ ತೀರಿಕೊಂಡದ್ದು ಎರಡನೆಯ ಮಹಾಯುದ್ಧ ಮುಗಿದ ವರ್ಷ, ನ್ಯುಮೋನಿಯಾದಿಂದ. ಆ ಹೊತ್ತಿಗೆ ಮಾವನೂ ಅತ್ತೆಯೂ ಇರಲಿಲ್ಲ. ಬಂದ ಭಟ್ಟರು ಹೊಸಬರು. ಹಣೆಯಲ್ಲಿ ಕುಂಕುಮವಿದೆ, ಪಕ್ಕದಲ್ಲಿ ಗಂಡನಿಲ್ಲ; ಮುತ್ತೈದೆಯೋ ಅಲ್ಲವೋ ತಿಳಿಯದೆ ಹೆಣಕ್ಕೆ ಯಾವ ಸೀರೆ ಎಂದು ಹೇಳುವಂತಿರಲಿಲ್ಲ. ಹೆಣದ ಪಕ್ಕದಲ್ಲಿ ನಿಂತು ನನ್ನನ್ನು ಕೇಳಿದರು.

"ಇವರ ಯಜಮಾನರು?"

"ಇದ್ದಾರ್ರಿ" ಎಂದೆ. ಹಸಿರು ಸೀರೆ ತರಲು ಒಳಗೆ ಹೋದೆ.