ರಾಣಿ ಡಬ್ಬಿ, ರಾಕ್ಷಸಿ ಡಬ್ಬಿ

ಮಳವಳ್ಳಿ ಸೀಮೆಯ ಯಾವ ಶಾಲೆಯಲ್ಲಿ ವಾರ್ಷಿಕೋತ್ಸವವಿದ್ದರೂ ಮಕ್ಕಳ ಮುಖಕ್ಕೆ ಬಣ್ಣ ಹಚ್ಚಲು ತಹಸೀನ್ ಬರಲೇಬೇಕು. ಅವಳ ಅಪ್ಪ ನಯಾಜ್ ಪಾಷಾ ಹಳ್ಳಿ ನಾಟಕಗಳಿಗೆ ಮೇಕಪ್ಪು ಮಾಡಿಕೊಂಡೇ ಬಾಳಿದವರು. ಬಣ್ಣದ ಪೆಟ್ಟಿಗೆಯ ಜೊತೆಗೆ ಅಪ್ಪನ ಬಾಯಿಯೂ ಮಗಳಿಗೆ ಬಂದಿದೆ. ಅನಿಸಿದ್ದನ್ನು ಆಡದಿದ್ದರೆ ಅವಳಿಗೆ ಉಂಡ ಅನ್ನ ಅರಗುವುದಿಲ್ಲ.

ಪೆಟ್ಟಿಗೆಯಲ್ಲಿ ಅಪ್ಪನ ಕಾಲದ ಎರಡು ಡಬ್ಬಿಗಳಿವೆ. ಒಂದರ ಮುಚ್ಚಳದ ಮೇಲೆ ‘ರಾಣಿ’ ಎಂದು ಬರೆದಿದೆ, ಒಳಗೆ ಗುಲಾಬಿ ಬೆರೆಸಿದ ಬಿಳಿ. ಇನ್ನೊಂದು ‘ರಾಕ್ಷಸಿ’, ಒಳಗೆ ಕಪ್ಪು ಬೆರೆಸಿದ ಕಂದು. ಇಪ್ಪತ್ತು ವರ್ಷದಿಂದ ಆ ಹೆಸರುಗಳ ಬಗ್ಗೆ ಅವಳು ತಲೆ ಕೆಡಿಸಿಕೊಂಡವಳೇ ಅಲ್ಲ.

ಈ ಸಲ ಬೆಳಕವಾಡಿ ಕಡೆಯ ಒಂದು ಖಾಸಗಿ ಶಾಲೆಗೆ ಹೋದಳು. ಐದನೇ ಕ್ಲಾಸಿನ ಶೋಭಿತಾ ನಾಟಕದ ರಾಜಕುಮಾರಿ. ಅರ್ಧ ಗಂಟೆಯ ಮಾತೆಲ್ಲ ಬಾಯಿಪಾಠ. ಮೈಬಣ್ಣ ಮಾತ್ರ ಎಣ್ಣೆಗಪ್ಪು. ಶಾಲೆಯ ಕಾರ್ಯದರ್ಶಿ ಜಯಪ್ರಕಾಶ್ ಮೊಬೈಲಿನಲ್ಲಿ ಹಳೆಯ ಕಾರ್ಟೂನ್ ಸಿನಿಮಾದ ರಾಜಕುಮಾರಿಯನ್ನು ತೋರಿಸಿ, "ಹಿಂಗೇ ಕಾಣ್ಬೇಕು. ಮುಖ, ಕತ್ತು, ಕೈ ಎಲ್ಲಾ ಬೆಳ್ಳಗೆ ಬಳ್ದುಬುಡಿ. ವಿಡಿಯೋದಲ್ಲಿ ನಮ್ಮ ಮಾನ ಓಗ್ಬಾರ್ದು," ಎಂದು ಅಪ್ಪಣೆ ಕೊಟ್ಟು ಹೋದರು.

ತಹಸೀನ್ ರೂಢಿಯಂತೆ ರಾಣಿ ಡಬ್ಬಿ ತೆರೆದಳು. ಹುಡುಗಿ ಇನ್ನೊಂದು ಡಬ್ಬಿಯ ಮುಚ್ಚಳ ತೆಗೆದು ಇಣುಕಿ, ಪಕ್ಕದಲ್ಲಿ ತನ್ನ ಮುಂಗೈ ಒಡ್ಡಿದಳು.

"ಆಂಟಿ, ಇದು ನನ್ ಬಣ್ಣನೇ ಅಲ್ವಾ? ಇದ್ನೇ ಹಚ್ಚಿ."

ಆಮೇಲೆ ಮುಚ್ಚಳದ ಮೇಲಿನ ಹೆಸರು ಓದಿದಳು. ಓದಿ ಕೈ ಹಿಂದಕ್ಕೆ ಎಳೆದುಕೊಂಡಳು.

ತಹಸೀನಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಚಿಕ್ಕವಳಿದ್ದಾಗ ಅವಳೂ ಇಂಥ ಸಿನಿಮಾಗಳನ್ನು ಟಿವಿ ಮುಂದೆ ಬಾಯಿ ಬಿಟ್ಟುಕೊಂಡು ನೋಡಿದವಳೇ. ಅಪ್ಪನಂಥ ಮೂಗು, ಅಪ್ಪನಂಥ ಗಡ್ಡ ಇದ್ದವನೊಬ್ಬ ಅವುಗಳಲ್ಲಿ ಬರುತ್ತಿದ್ದ, ಮಂತ್ರವಾದಿಯಾಗಿ. ಅವನು ಸತ್ತಾಗ ಮಕ್ಕಳೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಅವಳೂ ತಟ್ಟಿದ್ದಳು.

ಅವಳು ಎರಡೂ ಡಬ್ಬಿಗಳನ್ನು ಮುಚ್ಚಿದಳು. "ನಿಂಗೆ ಯಾವ್ದೂ ಬ್ಯಾಡ ಕಣವ್ವ," ಎಂದು ಹುಡುಗಿಯ ಕಣ್ಣಿಗೆ ಕಾಡಿಗೆ ತೀಡಿ, ಶಾಲೆಯವರು ತಂದಿಟ್ಟಿದ್ದ ಹೊಂಬಣ್ಣದ ವಿಗ್ಗನ್ನು ಅತ್ತ ಬಿಸಾಕಿ, ಅವಳ ಕಪ್ಪು ಕೂದಲಿಗೇ ಕಿರೀಟ ಸಿಕ್ಕಿಸಿದಳು.

ಗಂಟೆ ಹೊಡೆಯುವ ಹೊತ್ತಿಗೆ ಜಯಪ್ರಕಾಶ್ ಓಡಿ ಬಂದರು. "ಏನಮ್ಮ ಇದು? ಬೇಗ ಬಣ್ಣ ಬಳೀರಿ. ಇಲ್ದಿದ್ರೆ ಮುಂದಿನ್ ವರ್ಷ ನಿಮ್ಮನ್ನ ಕರಿಯಕಿಲ್ಲ."

"ಕರೀಬ್ಯಾಡಿ ಬುಡಿ," ತಹಸೀನ್ ಅವರಿಗೆ ಅಡ್ಡ ನಿಂತಳು. "ಈ ಮಗೀನ್ ಮುಖ ಇಂಗೇ ಸ್ಟೇಜಿಗೆ ಓಯ್ತದೆ. ನಡಿಯವ್ವ, ಓಗು."

ಶೋಭಿತಾ ಸ್ಟೇಜಿಗೆ ಓಡಿದಳು. ಪರದೆ ಸರಿಯಿತು. ತಹಸೀನ್ ಕೆಳಗಿಳಿದು, ಅತಿಥಿಗಳಿಗೆಂದು ಹಾಕಿದ್ದ ಮುಂದಿನ ಸಾಲಿಗೆ ನಡೆದಳು. ಜಯಪ್ರಕಾಶ್ ಬೆನ್ನು ಬಿಡಲಿಲ್ಲ.

"ಇಷ್ಟ್ ಕಪ್ಪಗಿರೋ ರಾಜಕುಮಾರೀನ ಎಲ್ಲಾದ್ರೂ ನೋಡಿದ್ದೀರೇನಮ್ಮ ನೀವು?"

"ಇಲ್ಲ ಸಾ," ಎನ್ನುತ್ತಾ ಅವಳು ನಟ್ಟನಡುವಿನ ಕುರ್ಚಿಯಲ್ಲಿ ಕೂತಳು. "ನಂಗೆ ನಲವತ್ತು ವರ್ಸ ಆಯ್ತು, ಒಬ್ಳನ್ನೂ ನೋಡಿಲ್ಲ. ವಸಿ ಪಕ್ಕಕ್ ನಿಂತ್ಕಳಿ, ಕಾಣಾಕಿಲ್ಲ."