ಇಪ್ಪತ್ತಾರಕ್ಕೆ ದಯವಿಟ್ಟು ಬರಬೇಡಿ

ನಾನು ಕಾಯುವುದು ಕ್ರಿಸ್‌ಮಸ್ಸಿಗಲ್ಲ, ಅದರ ಮರುದಿನಕ್ಕೆ. ಇದನ್ನು ಚರ್ಚಿನ ಅಂಗಳದಲ್ಲಿ ಹೇಳಿದರೆ ಸ್ವಾಮಿಗಳು ಕನ್ನಡಕ ಇಳಿಸಿ ನೋಡಿಯಾರು. ಅದಕ್ಕೇ ನಿಮ್ಮ ಕಿವಿಯಲ್ಲಿ ಹೇಳುತ್ತಿದ್ದೇನೆ.

ಇಪ್ಪತ್ತೈದು ಊರವರ ದಿನ. ಕಾಡುಗೋಡಿಯ ನಮ್ಮ ಮನೆಗೆ ಅಂದು ಚಿಲಕವೇ ಇರುವುದಿಲ್ಲ. ಪೂಜೆ ಮುಗಿಸಿ ಬಂದ ನನ್ನ ಹೆಂಡತಿ ಸ್ಟೆಲ್ಲಾ ಸೆರಗು ಸಿಕ್ಕಿಸಿ ಒಲೆಯ ಮುಂದೆ ನಿಂತರೆ, ಕೂರುವುದು ಕೊನೆಯ ನೆಂಟರ ಚಪ್ಪಲಿ ಮೆಟ್ಟಿಲು ಇಳಿದ ಮೇಲೆ. ಕಜ್ಜಾಯ ಕರಿಯಬೇಕು, ಕೋಳಿ ಸಾರು ಕುದಿಯಬೇಕು, ಅಕ್ಕಪಕ್ಕದ ಮನೆಗಳಿಗೆಲ್ಲ ತಟ್ಟೆ ಹೋಗಬೇಕು. ನನ್ನ ಪಾಲಿನ ಕೆಲಸವೂ ಇದೆಯೆನ್ನಿ. ಬಂದವರಿಗೆ ಕುರ್ಚಿ ತೋರಿಸುತ್ತೇನೆ. ಕೊಟ್ಟಿಗೆಯಂತೆ ಕಟ್ಟಿದ ಗೋದಲಿಯ ಬಣ್ಣದ ದೀಪ ಆರಿದರೆ ತಟ್ಟಿ ಹೊತ್ತಿಸುತ್ತೇನೆ. ಸಂಜೆಗೆ ‘ಅಬ್ಬಾ, ಸುಸ್ತು’ ಎನ್ನುತ್ತೇನೆ. ಆಗ ಸ್ಟೆಲ್ಲಾ ನೋಡುವ ನೋಟವನ್ನು ವರ್ಣಿಸುವಷ್ಟು ಭಾಷೆ ನನಗೆ ಬರುವುದಿಲ್ಲ.

ಇಪ್ಪತ್ತಾರು ನಮ್ಮ ದಿನ. ಅಂದು ನಮ್ಮಲ್ಲಿ ಒಲೆ ಹಚ್ಚುವುದಿಲ್ಲ. ಈ ಕಾನೂನು ತಂದವಳು ನನ್ನ ತಾಯಿಯ ತಾಯಿ. ಹಬ್ಬದ ಸಂಜೆ ಆಕೆ ಸೌದೆ ಒಲೆಯ ಬೂದಿ ಬಳಿದು, ಸಗಣಿ ಸಾರಿಸಿ, ಒಲೆಯ ಮೇಲೇ ರಂಗೋಲಿ ಬಿಡುತ್ತಿದ್ದಳು. ಅದನ್ನು ಅಳಿಸಿ ‘ಒಂದು ಲೋಟ ಬಿಸಿನೀರು’ ಎನ್ನುವ ಧೈರ್ಯ ತಾತನಿಗೂ ಇರಲಿಲ್ಲ. ಚರ್ಚಿಗೆ ಹೊಸದಾಗಿ ಬಂದ ಉಪದೇಶಿಯೊಬ್ಬರು, ಇದು ಯಾವ ಗ್ರಂಥದಲ್ಲಿದೆ ಎಂದು ಕೇಳಿದರಂತೆ. ಅಜ್ಜಿ ಅಂದಳಂತೆ: “ನಿನ್ನೆ ಹೆತ್ತೋಳು ಇವತ್ತು ಮಲಗಬ್ಯಾಡ್ವಾ ಸ್ವಾಮಿ? ಕುರಿ ಕಾಯೋರು ಬಂದು ಹೋದ್ರು. ರಾಜ್ರು ಇನ್ನೂ ದಾರೀಲವ್ರೆ. ನಡುವೆ ಒಂದಿನಾನಾದ್ರೂ ಆ ಬಾಣಂತಿ ಕಾಲು ಚಾಚ್ಕೊಳ್ಲಿ ಬಿಡಿ.”

ನಾನೂ ಒಂದೆರಡು ದಪ್ಪ ಪುಸ್ತಕ ತಿರುವಿ ನೋಡಿದ್ದೇನೆ. ಆ ನಡುವಿನ ದಿನ ಕೊಟ್ಟಿಗೆಯಲ್ಲಿ ಏನಾಯಿತೆಂದು ಎಲ್ಲೂ ಸಿಗಲಿಲ್ಲ. ಬರೆದವರೆಲ್ಲ ಗಂಡಸರು, ಬಾಣಂತಿ ಮಲಗಿದ್ದನ್ನು ಒಂದು ಸುದ್ದಿಯೆಂದು ಅವರು ಎಣಿಸಿರಲಿಕ್ಕಿಲ್ಲ.

ಗ್ಯಾಸ್ ಬಂದ ಮೇಲೂ ನಾವು ಶಾಸ್ತ್ರ ಬಿಡಲಿಲ್ಲ. ಹಿಂದೆಮುಂದೆ ನೋಡದೆ ಬರ್ನರಿನ ಮೇಲೇ ರಂಗೋಲಿ ಹಾಕಿದೆವು. ಪುಡಿ ಇಳಿದು ತೂತುಗಳೆಲ್ಲ ಕಟ್ಟಿಕೊಂಡು, ಒಲೆಗೆ ನಾವು ಕೊಟ್ಟದ್ದಕ್ಕಿಂತ ಹೆಚ್ಚೇ ರಜೆ ಸಿಕ್ಕಿತು. ರಿಪೇರಿಯವನು ಬಂದು, “ಏನ್ ಮೇಡಂ, ಗ್ಯಾಸ್ ಸ್ಟೌಗೂ ಹಬ್ಬ ಮಾಡಿಸ್ಬಿಟ್ರಾ?” ಅಂದ. ಅಂದಿನಿಂದ ಒಲೆಗೆ ಹಳೆಯ ಬೆಡ್‌ಶೀಟು ಹೊದಿಸುತ್ತೇವೆ. ರಂಗೋಲಿ ಪಕ್ಕದ ಕಲ್ಲಿನ ಮೇಲೆ.

ಹೋದ ವರ್ಷ ಹಾಗೆ ಹೊದಿಸಿ ಇನ್ನೂ ಕೈ ತೊಳೆದಿರಲಿಲ್ಲ, ಚಂದಾಪುರದಿಂದ ನನ್ನ ಸೋದರತ್ತೆಯ ಫೋನು ಬಂತು. ಮಗನಿಗೆ ಫ್ಯಾಕ್ಟರಿಯಲ್ಲಿ ಶಿಫ್ಟು ಇದ್ದುದರಿಂದ ಹಬ್ಬಕ್ಕೆ ಬರಲಾಗಲಿಲ್ಲ, ನಾಳೆ ಮನೆಮಂದಿಯೆಲ್ಲ ಊಟಕ್ಕೇ ಬರುತ್ತೇವೆ ಎಂದರು. ಸ್ಟೆಲ್ಲಾ ಹೋಗಿ ಬೆಡ್‌ಶೀಟಿನ ಒಂದು ತುದಿ ಎತ್ತಿದಳು. ಅವಳ ಪಾದಗಳು ಊದಿಕೊಂಡಿದ್ದನ್ನು ನಾನು ಆಗ ನೋಡಿದೆ.

ಮನೆಗೆ ಬರುತ್ತೇನೆಂದವರಿಗೆ ಬೇಡ ಎನ್ನುವುದು ನನ್ನ ವಂಶದಲ್ಲೇ ಇಲ್ಲ. ಅದರಲ್ಲೂ ಈ ಅತ್ತೆ ನನಗೆ ಮಾತು ಕಲಿಸಿದವರು. ಆದರೂ ತಿರುಗಿ ಫೋನು ಹಚ್ಚಿದೆ.

“ಅತ್ತೆ, ನಾಳೆ ಬೇಡ. ಇನ್ನೊಂದಿನ ಬನ್ನಿ.”

“ಯಾಕೋ ಅಂತೋಣಿ, ಎಲ್ಲಿಗಾದ್ರೂ ಹೊರಟಿದ್ದೀರಾ?”

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಎದುರಿಗೆ ನಮ್ಮ ಮಗಳು ನಿಂತು ನನ್ನ ಬಾಯನ್ನೇ ನೋಡುತ್ತಿದ್ದಳು.

“ಇಲ್ಲ ಅತ್ತೆ, ಮನೇಲೇ ಇರ್ತೀವಿ.”

“ಹುಷಾರಿಲ್ವೇನೋ?”

“ಎಲ್ರೂ ಚೆನ್ನಾಗಿದ್ದೀವಿ.”

“ಮತ್ತೆ?”

“ಸುಮ್ನೆ ಇರ್ತೀವಿ ಅತ್ತೆ. ಸ್ಟೆಲ್ಲಾ ನಾಳೆ ಅಡಿಗೆ ಮಾಡಲ್ಲ.”

“ನೀವು ಸುಮ್ನಿರೋಕೆ ನಾವು ಅಡ್ಡ ಬರ್ತೀವೇನೋ?”

“ಬರ್ತೀರಿ ಅತ್ತೆ.”

ಫೋನು ಕಟ್ಟಾಯಿತು. ಸ್ಟೆಲ್ಲಾ ಎತ್ತಿದ ತುದಿಯನ್ನು ಮೆಲ್ಲಗೆ ಇಳಿಸಿದಳು.

ಮರುದಿನ ಬಿಸಿಲು ಕಿಟಕಿ ದಾಟಿದರೂ ಅವಳು ಏಳಲಿಲ್ಲ. ಹೊರಗೆ ವೈಟ್‌ಫೀಲ್ಡಿನ ಕಡೆಗೆ ಕಂಪನಿಯ ಕ್ಯಾಬುಗಳು ಹಾರ್ನ್ ಹೊಡೆದುಕೊಂಡು ಓಡುತ್ತಿದ್ದವು. ನಮ್ಮ ಸುತ್ತಮುತ್ತ ಜ್ವರಕ್ಕೆ ರಜೆಯುಂಟು, ಮದುವೆಗೆ ರಜೆಯುಂಟು. ಸುಮ್ಮನಿರಲು ಮಾತ್ರ ಕಾರಣ ಕೊಡಬೇಕು. ನನ್ನ ಮ್ಯಾನೇಜರು ‘ಏನು ವಿಶೇಷ’ ಎಂದಿದ್ದಕ್ಕೆ ‘ಏನೂ ಇಲ್ಲ, ಅದಕ್ಕೇ ರಜೆ’ ಎಂದು ಬಂದಿದ್ದೆ. ಫ್ಲಾಸ್ಕ್ ಹಿಡಿದು ಮೂಲೆಯ ಟೀ ಅಂಗಡಿಗೆ ಹೋದೆ. ಕಾನೂನು ನಮ್ಮ ಒಲೆಗೆ ಮಾತ್ರ, ಅಂಗಡಿಯ ಒಲೆಗಲ್ಲ. “ಏನ್ ಸಾರ್, ಮನೇಲಿ ಜಗಳಾನಾ?” ಅಂದ ಅಂಗಡಿಯವನು. “ಇಲ್ಲಪ್ಪ, ಹಬ್ಬ,” ಎಂದೆ.

ಮೂವರೂ ಚಾಪೆಯ ಮೇಲೆ ಕೂತು, ಜಿಡ್ಡು ಹೆಪ್ಪುಗಟ್ಟಿದ ಕೋಳಿ ಸಾರನ್ನು ಬ್ರೆಡ್ಡಿನಲ್ಲಿ ಬಳಿದು ತಿಂದೆವು. ರಾತ್ರಿ ಕಳೆದ ಕಜ್ಜಾಯ ಮೆತ್ತಗಾಗಿ ಇನ್ನೂ ರುಚಿಯಾಗಿತ್ತು. ಮಗಳು ತಾಯಿಯ ತಲೆಗೆ ಎಣ್ಣೆ ಹಚ್ಚಿದಳು. ಯಾರೂ ತಲೆ ಬಾಚಲಿಲ್ಲ, ಯಾರೂ ಬಟ್ಟೆ ಬದಲಿಸಲಿಲ್ಲ. ನಡುನಡುವೆ ಅತ್ತೆಯ ನೆನಪು ಚುಚ್ಚುತ್ತಿತ್ತು, ಸುಳ್ಳೇಕೆ ಹೇಳಲಿ? ಚುಚ್ಚಿದರೂ ಮಲಗಿದಲ್ಲಿಂದ ಏಳಲಿಲ್ಲ.

ಹೊಸವರ್ಷಕ್ಕೆ ಅತ್ತೆ ಬಂದರು. ಮುಖ ಬಿಗಿದಿತ್ತು. ನನ್ನನ್ನು ದಾಟಿ ನೇರ ಅಡಿಗೆಮನೆಗೆ ಹೋದರು. ಸ್ಟೆಲ್ಲಾಗೆ ಬೈಯುತ್ತಾರೆಂದು ನಾನು ಬಾಗಿಲ ಮರೆಗೆ ಓಡಿದೆ. ಒಳಗೆ ಅತ್ತೆಯ ಪಿಸುದನಿ: “ಅಲ್ಲ ಕಣೇ, ಬರಬೇಡಿ ಅನ್ನೋದನ್ನ ಗಂಡನ ಬಾಯಲ್ಲೇ ಹೆಂಗೆ ಹೇಳಿಸ್ದೆ? ನಂಗೆ ಇಷ್ಟು ವಯಸ್ಸಾದ್ರೂ ನಿಮ್ಮ ಮಾವನ ಹತ್ರ ಅದೊಂದು ಆಗ್ಲಿಲ್ಲ.”

ಅತ್ತೆ ನನ್ನೊಡನೆ ಇನ್ನೂ ಮಾತಾಡುತ್ತಿಲ್ಲ. ಈ ವರ್ಷ ಇಪ್ಪತ್ತಾರಕ್ಕೆ ತಾವೂ ಯಾರಿಗೂ ಸಿಗುವುದಿಲ್ಲವೆಂದು ಸ್ಟೆಲ್ಲಾಗೆ ಹೇಳಿಕಳಿಸಿದ್ದಾರೆ. ಮಾವ ಮಾತ್ರ ನನಗೆ ಫೋನು ಮಾಡಿ, ಒಲೆ ಹಚ್ಚದ ದಿನ ಟೀ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರು.